ಅಲ್ಲಾಡಲೇಬೇಕಾದ ತಟ್ಟೆ

ಗಪ್‌ಚುಪ್ ಮೇಸ್ತ್ರಿ ಮಾಡಿದ ಗೇಟು ತೆಗೆದರೂ ಸದ್ದಿಲ್ಲ, ಹಾಕಿದರೂ ಸದ್ದಿಲ್ಲ. ಹೆಸರು ಬಂದದ್ದೇ ಹಾಗೆ; ಇಲ್ಲದಿದ್ದರೆ ಆಸಾಮಿ ಬಾಯಿಬಡುಕರಲ್ಲಿ ಬಾಯಿಬಡುಕ. ಕೆಲಸ ಮುಗಿದ ಮೇಲೆ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡುವುದು ಅವನ ಪದ್ಧತಿ. ಅದು ಕಮಕ್ ಕಿಮಕ್ ಅನ್ನದಿದ್ದರೆ ಮಾತ್ರ ಜೇಬಿನಿಂದ ಪಂಚು ತೆಗೆದು, ಸುತ್ತಿಗೆಯಲ್ಲಿ ಒಂದೇಟು ಹಾಕಿ, ಮೂಲೆಯಲ್ಲಿ ಪುಟ್ಟ ಬೀಗದ ಗುರುತು ಮೂಡಿಸುತ್ತಿದ್ದ. ಆ ಗುರುತು ಬಿತ್ತೆಂದರೆ ಆ ಗೇಟಿನ ಮಾನ ಮರ್ಯಾದೆಯೆಲ್ಲ ಅವನದು.

ಮಗಳು ಅದೇ ಅಂಗಡಿಯಲ್ಲಿ ಬೆಳೆದವಳು, ವೆಲ್ಡಿಂಗ್‌ನಲ್ಲಿ ಅಪ್ಪನಿಗೇ ಸಡ್ಡು ಹೊಡೆಯುವವಳು. ಈಚೆಗೆ ಅವಳ ತಲೆಗೊಂದು ಹೊಸ ಹುಳ ಹೊಕ್ಕಿತ್ತು. ಬಲು ದೂರದಿಂದ ರೈಫಲ್ ಹೊಡೆಯುವವರಿಗೆ ಉಕ್ಕಿನ ಟಾರ್ಗೆಟ್ ಮಾಡುತ್ತಾಳಂತೆ! ಗಡುಸು ಉಕ್ಕನ್ನು ಹರಿವಾಣದಷ್ಟಗಲ ದುಂಡಗೆ ಕತ್ತರಿಸಿ, ಬಿಳಿ ಬಣ್ಣ ಬಳಿದು, ಪೈಪಿನ ಸ್ಟ್ಯಾಂಡಿಗೆ ಎರಡು ಕೊಕ್ಕೆಗಳಲ್ಲಿ ನೇತುಹಾಕುವುದು. ಕೊಕ್ಕೆಗಳನ್ನು ಮಾತ್ರ ಅಪ್ಪನ ಕೈಯಲ್ಲೇ ಮಾಡಿಸಿದ್ದಳು. ಕಾದ ಕಬ್ಬಿಣವನ್ನು ಹೇಳಿದಂತೆ ಬಾಗಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

“ತಟ್ಟೆಗೆ ಮಾತ್ರ ವೆಲ್ಡಿಂಗ್ ತಾಗಿಸಬೇಡಪ್ಪ. ಬಿಸಿ ತಾಗಿದ ಕಡೆ ಉಕ್ಕು ಮೆತ್ತಗಾಗುತ್ತೆ, ಗುಂಡು ಬಿದ್ರೆ ಕುಳಿ ಬೀಳುತ್ತೆ.”

“ನನಗೇ ಕಬ್ಬಿಣದ ಪಾಠ ಹೇಳ್ತೀಯಾ?” ಎಂದಿದ್ದ ಮೇಸ್ತ್ರಿ.

ಅವಳು ಮಾಡಿದ ಒಂದು ತಟ್ಟೆಗೂ ಬೀಗದ ಗುರುತು ಬಿದ್ದಿರಲಿಲ್ಲ. ನೇತಾಡೋ ಸಾಮಾನಿಗೆ ಗುರುತು ಬೇರೆ ಕೇಡು ಎಂದು ಅವನು ಮೂಗು ಮುರಿದಿದ್ದ. ಅವಳಿಗೆ ಅದು ಚುರುಕ್ ಎಂದಿತ್ತು, ಆದರೆ ಹಾಕಿಕೊಡು ಎಂದು ಕೇಳಲು ಸ್ವಾಭಿಮಾನ ಬಿಡಲಿಲ್ಲ.

ರೈಫಲ್ ಕ್ಲಬ್ಬಿನಲ್ಲಿ ಕಲಿಸುವಾಕೆಯನ್ನು ಎಲ್ಲರೂ ಕೋಚಮ್ಮ ಎನ್ನುತ್ತಿದ್ದರು. ಆಕೆ ಒಂದು ತಟ್ಟೆ ಪರೀಕ್ಷೆ ಮಾಡಲು ಒಪ್ಪಿದಳು. ಗೆದ್ದರೆ ಮೈದಾನದ ಅಷ್ಟೂ ಟಾರ್ಗೆಟ್ ಮಗಳೇ ಮಾಡುವುದು. ಸೋತರೆ ಈ ಹುಚ್ಚು ಬಿಟ್ಟು ಗೇಟಿನ ಕೆಲಸಕ್ಕೆ ಮರಳುವುದೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಕೋಚಮ್ಮನದು ಒಂದೇ ಷರತ್ತು: ಏಟು ಬಿದ್ದದ್ದು ಗುಂಡು ಹೊಡೆದವರ ಕಿವಿಗೆ ಕೇಳಬೇಕು. ಉಕ್ಕಿಗೆ ಗುಂಡು ಬಿದ್ದರೆ ಸದ್ದು ಬರದೆ ಇನ್ನೇನು ಬರುತ್ತೆ ಎಂದುಕೊಂಡ ಮೇಸ್ತ್ರಿ. ಬಾಯಲ್ಲಿ ಏನೇ ಅನ್ನಲಿ, ಮಗಳು ಗೆಲ್ಲಲಿ ಎಂದೇ ಅವನ ಆಸೆ.

ಪರೀಕ್ಷೆಯ ದಿನ ಮಗಳು ಕೋಚಮ್ಮನ ಜೊತೆ ಮೈದಾನದ ಈ ತುದಿಯಲ್ಲಿ ಉಳಿದಳು. ಮೇಸ್ತ್ರಿ ವ್ಯಾನಿನಲ್ಲಿ ಆ ತುದಿಗೆ ಹೋಗಿ ಸ್ಟ್ಯಾಂಡು ನಿಲ್ಲಿಸಿದ, ತಟ್ಟೆ ನೇತುಹಾಕಿದ. ಸುಮ್ಮನೆ ಬರಬಾರದೇ? ಹಾಳು ಅಭ್ಯಾಸ, ಹಿಡಿದು ಅಲ್ಲಾಡಿಸಿದ. ತಟ್ಟೆ ಹಿಂದಕ್ಕೂ ಮುಂದಕ್ಕೂ ಓಲಾಡಿತು. ಕಂಡವರು ಏನಂದಾರು? ಗಪ್‌ಚುಪ್ ಮೇಸ್ತ್ರಿಯ ಮಗಳು ಲಡಕಾಸಿ ಮಾಲು ಮಾಡ್ತಾಳೆ ಅನ್ನರೇ? ಸಾಮಾನಿನ ಚೀಲದಿಂದ ಹಳೆ ಟಯರಿನ ತುಂಡು ತೆಗೆದು ತಟ್ಟೆಯ ಬೆನ್ನಿಗೆ ಒತ್ತಿದ, ಕ್ಲಾಂಪುಗಳಲ್ಲಿ ಸ್ಟ್ಯಾಂಡಿಗೆ ಸೇರಿಸಿ ಹಲ್ಲು ಕಚ್ಚಿ ಬಿಗಿದ. ವೆಲ್ಡಿಂಗ್ ಬೇಡ ಅಂದಿದ್ದಳು, ಅದನ್ನಂತೂ ಮುಟ್ಟಲಿಲ್ಲ. ಮತ್ತೆ ಅಲ್ಲಾಡಿಸಿದ. ಬಂಡೆ. ಮಗಳಿಗೆ ಗೊತ್ತಾಗದಂತೆ ಒಂದು ಉಪಕಾರ ಮಾಡಿದೆನೆಂದು ಬೀಗುತ್ತ ವಾಪಸು ಬಂದ.

ಕೋಚಮ್ಮ ಚಾಪೆಯ ಮೇಲೆ ಬೋರಲು ಮಲಗಿ, ಉಸಿರು ಹಿಡಿದು ಗುಂಡು ಹೊಡೆದಳು. ಎಲ್ಲರೂ ಕಿವಿಯಾದರು. ಸದ್ದು ಅಷ್ಟು ದೂರದಿಂದ ಬರಬೇಕಾದರೆ ಒಂದು ಸಲ ಉಗುಳು ನುಂಗುವಷ್ಟು ಹೊತ್ತು ಬೇಕು. ಮೇಸ್ತ್ರಿ ಒಂದು ಸಲವಲ್ಲ, ಮೇಲಿಂದ ಮೇಲೆ ನುಂಗಿದ. ಏನೂ ಬರಲಿಲ್ಲ. ಇನ್ನೊಂದು ಗುಂಡು. ಅದಕ್ಕೂ ಇಲ್ಲ.

“ಎರಡೂ ಬಿದ್ದಿವೆ, ದುರ್ಬೀನಿನಲ್ಲಿ ಕಲೆ ಕಾಣ್ತಾ ಇದೆ,” ಎಂದಳು ಕೋಚಮ್ಮ. “ಆದ್ರೆ ಸದ್ದೇ ಇಲ್ವಲ್ಲಮ್ಮ. ಇದನ್ನ ತಗೊಂಡು ನಾನೇನು ಮಾಡ್ಲಿ?”

ಮಗಳ ಮುಖ ಸಪ್ಪಗಾಯಿತು. “ಅಂಗಡೀಲಿ ಇದನ್ನ ಬಡಿದಾಗ ಪಕ್ಕದ ಬೀದೀವರೆಗೂ ಕೇಳಿತ್ತು,” ಎಂದು ತನ್ನಷ್ಟಕ್ಕೇ ಗೊಣಗಿದಳು. ಮೇಸ್ತ್ರಿಗೆ ತಾನು ಬಿಗಿದ ಟಯರು ನೆನಪಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮಗಳೂ ಗೇಟಿನ ಕೆಲಸಕ್ಕೆ ಮರಳುತ್ತಿದ್ದಳು. ಆದರೆ ಆ ಮುಖ ನೋಡಿಕೊಂಡು ಸುಮ್ಮನಿರುವುದು ಅವನಿಂದ ಆಗಲಿಲ್ಲ.

“ಅದು ಅಲ್ಲಾಡ್ತಿತ್ತು ಕಣೇ,” ಎಂದ. “ನಾನೇ ಬಿಗಿದೆ. ಟಯರು ಕೊಟ್ಟು.”

ಮಗಳು ಅವನತ್ತ ತಿರುಗಿದಳು. “ಅಪ್ಪಾ, ಅದು ಅಲ್ಲಾಡೋದಕ್ಕೇ ಇರೋದು. ಅಲ್ಲಾಡಿದ್ರೇ ಅದು ಹಾಡೋದು. ನನ್ನನ್ನ ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?”

ಕೋಚಮ್ಮ ನಗು ತಡೆಯಲಾರದೆ ಕೆಂಪು ಬಾವುಟ ಏರಿಸಿ ಎಲ್ಲರ ಬಂದೂಕು ಇಳಿಸಿದಳು. “ಹೋಗಿ ಬಿಚ್ಚಿ ಬನ್ನಿ ಮೇಸ್ತ್ರಿಗಳೇ. ಇನ್ನೊಂದೇ ಗುಂಡು ಹೊಡೀತೀನಿ.”

ಮೇಸ್ತ್ರಿ ಬಾಳಿನಲ್ಲಿ ಕಟ್ಟಿದ್ದನ್ನು ಸಡಿಲ ಮಾಡಿದವನಲ್ಲ. ಕ್ಲಾಂಪು ಬಿಚ್ಚುವಾಗ ಕೈ ಮುಷ್ಕರ ಹೂಡಿತು. ಆದರೂ ಬಿಚ್ಚಿದ, ಟಯರು ಕಿತ್ತೆಸೆದ, ತಟ್ಟೆ ಓಲಾಡಲು ಬಿಟ್ಟು, ಹಿಂತಿರುಗಿ ನೋಡದೆ ವ್ಯಾನು ಹತ್ತಿ ವಾಪಸು ಬಂದ.

ಬಾವುಟ ಇಳಿಯಿತು. ಗುಂಡು ಹಾರಿತು. ಅವನು ಉಗುಳು ನುಂಗಿದ. ಆಗ ಬಂತು ನೋಡಿ, ಮೈದಾನದ ಆಚೆ ತುದಿಯಿಂದ ತೆಳ್ಳಗೆ, ಶುದ್ಧವಾಗಿ, ಠಣ್ಣೆಂದು. ಜೀವಮಾನವಿಡೀ ಸದ್ದು ಅಡಗಿಸಿದ ಮನುಷ್ಯನ ಕಣ್ಣು ಒಂದು ಸದ್ದಿಗೆ ತುಂಬಿ ಬಂತು.

“ಮೈದಾನಕ್ಕೆಲ್ಲ ನೀನೇ ಮಾಡಮ್ಮ,” ಎಂದಳು ಕೋಚಮ್ಮ.

ಸಂಜೆಗೆ ಮುಂಚೆ ಅಪ್ಪ ಮಗಳು ಬಣ್ಣದ ಡಬ್ಬ ಹಿಡಿದು ತಟ್ಟೆಯ ಕಲೆ ಮುಚ್ಚಲು ಹೋದರು. ಬಣ್ಣ ಬಳಿಯುತ್ತಿದ್ದ ಮಗಳಿಗೆ ತಟ್ಟೆಯ ಹಿಂದಿನಿಂದ ಕಿರ್ರೆಂದು ಕೇಳಿಸಿತು. ಮೇಸ್ತ್ರಿ ತಟ್ಟೆಯ ಬೆನ್ನಿಗೆ ಪಂಚು ಇಟ್ಟು ಏಟು ಹಾಕಿದ್ದ. ಪಂಚು ಜಾರಿ ಅದರ ಮೂತಿಯೇ ಮೊಂಡಾಗಿತ್ತು.

“ಗುಂಡಿಗೇ ಜಗ್ಗಲಿಲ್ಲ, ನಿನ್ನ ಪಂಚಿಗೆ ಜಗ್ಗುತ್ತಾ?” ಎಂದು ನಗಲು ಹೋದವಳು ಕುಂಚ ಕೆಳಗಿಟ್ಟಳು. ಅವನು ಏನು ಒತ್ತಲು ಹೊರಟಿದ್ದನೆಂದು ಆಗ ತಿಳಿಯಿತು. “ಕೊಕ್ಕೆ ಮೇಲೆ ಹಾಕಪ್ಪ. ಅದು ಮೆದು ಕಬ್ಬಿಣ. ನೀನೇ ಬಾಗಿಸಿದ್ದು.”

“ಹಾಗಾದ್ರೆ ಅಲ್ಲಾಡದ ಹಾಗೆ ಹಿಡ್ಕೋ.”

ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. ಅಂಗೈಗೆಲ್ಲ ಹಸಿ ಬಣ್ಣ ಮೆತ್ತಿತು. ಮೊಂಡು ಪಂಚಿನಲ್ಲೇ ಬಿದ್ದ ಬೀಗ ಸ್ವಲ್ಪ ಸೊಟ್ಟಗಿತ್ತು, ಆದರೆ ಬೀಗವೇ. ಅವಳು ಕೈ ಬಿಟ್ಟೊಡನೆ ತಟ್ಟೆ ಓಲಾಡತೊಡಗಿತು. ಅವಳು ಮತ್ತೆ ಹಿಡಿಯಲು ಹೋದಳು.

“ಬಿಡು,” ಎಂದ ಗಪ್‌ಚುಪ್ ಮೇಸ್ತ್ರಿ. “ಅಲ್ಲಾಡಲಿ.”