ಖಾಲಿ ಮಾಡಿಸಿದ ತೊಟ್ಟಿ

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿರುವ ವಿಠೋಬಾನ ಬಣ್ಣದ ಮೀನಿನ ಅಂಗಡಿಯಲ್ಲಿ ಆ ಸಂಜೆ ಗಿರಾಕಿಗಳು ತುಂಬಿದ್ದರು. ಪ್ರೇಮಲಾ ಎರಡು ಸತ್ತ ಗೋಲ್ಡ್‌ಫಿಶ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಅವನ ಮುಂದಿಟ್ಟು ದನಿ ಎತ್ತಿದಳು.

"ರೋಗದ ಮೀನು ಮಾರ್ತಿಯೇನು? ನಮ್ಮ ಮನಿಯವರು ವಕೀಲರಿದ್ದಾರ. ಗ್ರಾಹಕರ ಕೋರ್ಟಿಗೆ ಹೋದ್ರ ನಿನ್ನ ಅಂಗಡಿ ಉಳಿಯಂಗಿಲ್ಲ."

"ಹಾಂಗ ಅನಬ್ಯಾಡ್ರಿ ಮೇಡಂ. ಬ್ಯಾರೆ ತೊಟ್ಟಿದು ಕೊಡ್ತೀನ್ರಿ."

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳ ಮಾತನ್ನು ಯಾರೂ ಅನುಮಾನಿಸಲಿಲ್ಲ. ಅವಳೂ ಅನುಮಾನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲೇ ಇದ್ದಳು. ಅತ್ತೆ ಸುಮಿತ್ರಾಬಾಯಿ ಲಿಂಗಪೂಜೆ ಮುಗಿಸಿ, ಅಭಿಷೇಕದ ನೀರಿದ್ದ ಹಿತ್ತಾಳೆಯ ಬಟ್ಟಲು ಹಿಡಿದು ಬಂದು, ಅದನ್ನು ಮೀನಿನ ತೊಟ್ಟಿಗೆ ಸುರಿದರು. ನೀರಿನಲ್ಲಿ ವಿಭೂತಿ ಬೆಳ್ಳಗೆ ಹರಡಿತು.

"ಅತ್ತಿ, ದಿನಾ ಇದರಾಗೇ ಹಾಕ್ತೀರೇನು?"

"ಮತ್ತೆಲ್ಲಿ ಹಾಕ್ಲೆವ್ವ? ಕಾಲಾಗ ತುಳಿಬಾರದು. ನಮ್ಮೂರು ಸಿರ್ಗಾಪುರದಾಗ ಪತ್ರಿ ಗಿಡಕ್ಕ ಹಾಕ್ತಿದ್ದೆ. ಇಲ್ಲಿ ಮ್ಯಾಲಿನ ಮನಿ, ಗಿಡ ಎಲ್ಲಿ ಅದ? ಮೀನಾದ್ರೂ ಪುಣ್ಯ ಕಟ್ಕೊಳ್ಳಲಿ."

ಮರುದಿನ ಪ್ರೇಮಲಾ ಕಾಲೇಜಿನಿಂದ ಪಿಎಚ್ ಕಾಗದ ತಂದು ತೊಟ್ಟಿಯಲ್ಲಿ ಅದ್ದಿದಳು. ಕಾಗದ ಕಡುನೀಲಿಯಾಯಿತು. ವಿಭೂತಿ ಎಂದರೆ ಬೂದಿ, ಕ್ಷಾರ. ಕ್ಷಾರ ಹೆಚ್ಚಿದ ನೀರಿನಲ್ಲಿ ಮೀನು ಹೊರಬಿಟ್ಟ ಹೊಲಸೇ ಅದಕ್ಕೆ ವಿಷವಾಗುತ್ತದೆ. ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಪಾಠ. ಅಂಗಡಿಗೆ ಹೋಗುವ ಮೊದಲು ಈ ಕಾಗದ ಅದ್ದಿ ನೋಡಲು ಎಷ್ಟು ಹೊತ್ತು ಬೇಕಿತ್ತು? ತಪ್ಪು ಮಾರಿದವನದ್ದೇ ಎಂದು ಅವಳು ಮನೆಯಿಂದಲೇ ತೀರ್ಮಾನಿಸಿಕೊಂಡು ಹೊರಟಿದ್ದಳು. ತೊಟ್ಟಿಯ ನೀರು ಬದಲಿಸಿದಳು. ಅಭಿಷೇಕದ ನೀರಿಗೆಂದು ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಟಳು. ಅಂಗಡಿಗೆ ಹೋಗಿ ನಿಜ ಹೇಳಿ ಬರುತ್ತೇನೆಂದಳು.

ಗಂಡ ಸಂಜೀವಕುಮಾರ ನಕ್ಕ. "ನೋಟಿಸ್ ಕೊಟ್ಟಿಲ್ಲ, ಕೇಸ್ ಹಾಕಿಲ್ಲ. ಅಂವ ತಾನಾಗೇ ಬ್ಯಾರೆ ಮೀನು ಕೊಟ್ಟಾನ. ಕಾನೂನಿನ್ಯಾಗ ನಿನ್ನ ಯಾರೂ ಹಿಡಿಯಂಗಿಲ್ಲ. ಹೇಳಾಕ ಹೋಗಿ ಅವ್ವನ ಹೆಸರು ಯಾಕ ತರ್ತಿ?"

"ಅತ್ತಿ ಹೆಸರು ತರಂಗಿಲ್ಲ. ನೋಡಲಾರದೆ ಬೈದಾಕಿ ನಾನು."

ಮರುದಿನ ಬೆಳಿಗ್ಗೆ ಅವಳು ಹೋದಾಗ ಅಂಗಡಿಯಲ್ಲಿ ಗೋಡೆಗೆ ತಾಗಿದ ದೊಡ್ಡ ತೊಟ್ಟಿ ಒಣಗಿ ನಿಂತಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಇದರಾಗಿನ ಮೀನು?" ಎಂದಳು.

"ನೀವು ರೋಗ ಅಂದ್ರಲ್ರಿ. ಬ್ಯಾರೆದಕ್ಕ ಹತ್ತಬಾರದಂತ ಎಲ್ಲಾ ಕೊಂದು ಹುಗಿದೆ. ಛಲೋ ಓಡಾಡ್ತಿದ್ದವ್ರಿ. ಕೈ ಬರಲಿಲ್ಲ. ಆದ್ರ ಕಲ್ತೋರು ಹೇಳ್ಯಾರಂತ ಮಾಡಿದೆ."

ಪ್ರೇಮಲಾ ಕೌಂಟರಿನ ಮೇಲೆ ಬಾಗಿ, ಅವನಿಗಷ್ಟೇ ಕೇಳುವಂತೆ ಹೇಳಿದಳು. "ರೋಗ ಇರಲಿಲ್ಲರಿ. ನಮ್ಮ ಮನಿ ನೀರು ಕೆಟ್ಟಿತ್ತು. ತಪ್ಪು ನಿಮ್ಮದಲ್ಲ."

ವಿಠೋಬಾ ಖಾಲಿ ತೊಟ್ಟಿಯ ಕಡೆ ತಿರುಗಿದ. "ಅವತ್ತು ಹಿಂಗ ಸಣ್ಣ ದನಿಲೆ ಅಂದಿದ್ರ ಆಗ್ತಿತ್ತಲ್ರಿ ಮೇಡಂ."

ಅಷ್ಟರಲ್ಲಿ ಪಕ್ಕದ ಚಹಾದ ಅಂಗಡಿಯ ಖಂಡೆಪ್ಪ ಗ್ಲಾಸು ತಂದಿಡುತ್ತ ಕೇಳಿದ. "ಏನ್ರಿ ಮೇಡಂ, ಇವನ ಮೀನು ಮತ್ತ ಸತ್ತವೇನು?"

ಬಾಗಿಲ ಬಳಿ ಇನ್ನಿಬ್ಬರು ನಿಂತಿದ್ದರು. "ಇವರ ಮೀನು ಛಲೋ ಇದ್ದವು," ಎಂದಳು, ಎಲ್ಲರಿಗೂ ಕೇಳುವಂತೆ. "ಪೂಜಿ ವಿಭೂತಿ ನೀರು ನಮ್ಮ ಮನ್ಯಾಗೇ ತೊಟ್ಟಿಗೆ ಬಿದ್ದಿತ್ತು. ಪರೀಕ್ಷೆ ಮಾಡಲಾರದೆ ನಾ ಇವರಿಗೆ ಬೈದೆ."

"ಅಂದ್ರ ಮೀನಿಗೂ ವಿಭೂತಿ ಹಚ್ಚೀರಿ ಅನ್ರಿ," ಎಂದು ಖಂಡೆಪ್ಪ ನಕ್ಕ. ಬಾಗಿಲಲ್ಲಿದ್ದವರೂ ನಕ್ಕರು.

ವಿಠೋಬಾ ನಗಲಿಲ್ಲ. "ನಾ ಕೊಟ್ಟ ಎರಡು ಮೀನು ಜೀವ ಅವೇನ್ರಿ?"

"ಅವ."

"ವಾಪಸ್ ಕೊಟ್ಟುಬಿಡ್ರಿ."

ಮೀನು ಈಗ ಅವಳವು. ಕೊಡುವುದಿಲ್ಲ ಎಂದರೆ ಅವನು ಯಾವ ಕೋರ್ಟಿಗೂ ಹೋಗುವಂತಿರಲಿಲ್ಲ.

"ಸಂಜಿಗೆ ತರ್ತೀನ್ರಿ," ಎಂದಳು.

"ಈಗ ತರ್ರಿ," ಎಂದ ವಿಠೋಬಾ.