ಭಾವನ ಜೊತೆ ಜಲಪಾತಕ್ಕೆ

ಸಲೂನ್ ಇಟ್ಟಿದ್ದ ಗುಂಡನಿಗೂ ಅವನ ಭಾವನಿಗೂ ನಡೆಯುವುದೆಂದರೆ ಅಷ್ಟಕ್ಕಷ್ಟೇ. ಗುಂಡ ವಾರವೆಲ್ಲ ಕುರ್ಚಿಯ ಹಿಂದೆ ನಿಂತು ನಿಂತು ಪಾದ ಊದಿಸಿಕೊಂಡವನು. ಭಾವ ಬಸ್ಸಿನ ಡ್ರೈವರ್. ಕೂತು ಕೂತು ಸೊಂಟ ಹಿಡಿದು, ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು ಬಿಡುತ್ತಿದ್ದ. ಹೆಸರು ಗುಂಡನಾದರೂ ಗುಂಡ ಕಡ್ಡಿಪೈಲ್ವಾನ. “ಹೆಸರು ನಿನಗೆ, ಹೊಟ್ಟೆ ನನಗೆ,” ಎಂದು ಭಾವ ನಗುತ್ತಿದ್ದ.

ಇಂಥ ಇಬ್ಬರನ್ನೂ ಕಾಡಿಗೆ ಎಳೆದುಕೊಂಡು ಹೋಗುತ್ತಿದ್ದವಳು ಗುಂಡನ ಅಕ್ಕ. ಟಾಕೀಸಿನಲ್ಲಿ ಟಿಕೆಟ್ ಕೊಡುವುದು ಅವಳ ಕೆಲಸ. ಕೈ ತೂರುವಷ್ಟು ಕಿಂಡಿಯ ಗೂಡಿನಲ್ಲಿ ಕೂತವಳಿಗೆ ರಜೆ ಬಂತೆಂದರೆ ರೆಕ್ಕೆ ಬಂದ ಹಾಗೆ. ಊರಾಚೆಯ ಸರ್ಕಾರಿ ಕಾಡಿನಲ್ಲಿ ಒಂದೇ ಹೊಳೆ ಮೂರು ಕಡೆ ಬಂಡೆಯಿಂದ ಧುಮುಕುತ್ತದೆ. ಮೂರನ್ನೂ ನೋಡದೆ ಅವಳು ಹಿಂದಿರುಗುತ್ತಿರಲಿಲ್ಲ. ಮುಂದೆ ಹೋಗಿ ಬಂಡೆಯ ಮೇಲೆ ನಿಂತು, “ಬನ್ನಿ ಸೋಮಾರಿಗಳಾ, ನೀರು ಖಾಲಿ ಆಗತ್ತೆ!” ಎಂದು ಕೂಗುತ್ತಿದ್ದಳು.

ಜ್ವರವೆಂದು ಮಲಗಿದ ಅಕ್ಕ ಮತ್ತೆ ಏಳಲಿಲ್ಲ. ಆದರೂ ಇಬ್ಬರೂ ಕಾಡಿಗೆ ಹೋಗುವುದನ್ನು ಬಿಡಲಿಲ್ಲ. ರಜೆಯ ದಿನ ಬೆಳಗಾದರೆ ಭಾವ ಸಲೂನಿನ ಮುಂದೆ ಬಂದು ನಿಲ್ಲುತ್ತಿದ್ದ, ಗುಂಡ ಬುತ್ತಿ ಹಿಡಿದು ಹೊರಬರುತ್ತಿದ್ದ. ದಾರಿಯಲ್ಲಿ ಹೆಚ್ಚು ಮಾತಿಲ್ಲ. ನೀರು ನೋಡುವುದು, ಊಟ ಮಾಡುವುದು, ಇಳಿದು ಬರುವುದು.

ಆ ಸಲ ಮಾತ್ರ ಭಾವ ಮೊದಲಿನಿಂದಲೂ ಚಡಪಡಿಸುತ್ತಿದ್ದ. ಕಾಡಿನ ಗೇಟು ದಾಟುತ್ತಲೇ ಬಿಗಿಯಾಗಿದ್ದ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ.

“ಗುಂಡ, ಒಂದು ಮಾತು.”

“ಹೇಳಿ ಭಾವ.”

“ಏನಿಲ್ಲ. ನೀರಿನ ಬಾಟ್ಲಿ ಕೊಡು.”

ಹೀಗೇ ಮೊದಲ ಜಲಪಾತ ಬಂತು. ಮಳೆ ಮುಗಿದು ಸ್ವಲ್ಪ ದಿನವಾಗಿತ್ತಷ್ಟೆ, ನೀರು ಭೋರ್ಗರೆಯುತ್ತಿತ್ತು. ಆ ಸದ್ದಿನ ಮರೆಯಲ್ಲಿ ಹೇಳಿಬಿಡೋಣವೆಂದು ಭಾವನಿಗೆ ಧೈರ್ಯ ಬಂದಿರಬೇಕು. ತುಟಿ ಅಲ್ಲಾಡಿಸಿದ.

“ಏನು?” ಎಂದ ಗುಂಡ.

ಭಾವ ಮತ್ತೆ ಹೇಳಿದ. ಕೇಳಿಸಲಿಲ್ಲ. ಗುಂಡ ಕಿವಿಗೆ ಕೈ ಹಿಡಿದು ಬಗ್ಗಿದ.

“ಮದುವೆ ಆಗ್ತಾ ಇದೀನಿ ಕಣೋ!” ಭಾವ ಗಂಟಲು ಹರಿಯುವ ಹಾಗೆ ಕೂಗಿದ.

ಬಂಡೆಯ ಮೇಲೆ ಕೂತಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. “ಕಂಗ್ರಾಟ್ಸ್ ಅಂಕಲ್!” ಎಂದು ಒಬ್ಬಳು ಕೂಗಿದಳು. ಭಾವನ ಮುಖ ಕೆಂಪೇರಿತು. ಅಷ್ಟು ಜನ ನೋಡುತ್ತಿರುವಾಗ ಗುಂಡನಿಗೆ ಬೇರೆ ದಾರಿಯಿರಲಿಲ್ಲ, ಅವನೂ ನಕ್ಕ. ಭಾವನ ಕೈ ಹಿಡಿದು ಕುಲುಕಿದ.

ಅಲ್ಲಿಂದ ಮುಂದೆ ಹೋಗಿ, ಸದ್ದು ಕಡಿಮೆಯಿದ್ದ ತಿರುವಿನಲ್ಲಿ ಬಿದ್ದ ಮರದ ಮೇಲೆ ಕೂತರು.

“ಡಿಪೋ ಕ್ಯಾಂಟೀನಲ್ಲಿ ಕೆಲಸ ಮಾಡ್ತಾರೆ. ಗಂಡ ತೀರ್ಕೊಂಡಿದಾರೆ. ಸಣ್ಣ ಮಗಳಿದಾಳೆ,” ಎಂದ ಭಾವ. “ನೀನು ಬೇಜಾರು ಮಾಡ್ಕೋಬೇಡ. ಡ್ಯೂಟಿ ಮುಗಿಸಿ ಬಂದು ಹಾಲ್‌ನಲ್ಲಿ ಟಿವಿ ಹಾಕ್ತೀನಿ. ಆಮೇಲೆ ಹೋಗಿ ಅಡುಗೆಮನೇಲಿ ಕೂತ್ಕೋತೀನಿ. ಆಚೆ ಯಾರೋ ಇದಾರೆ ಅನ್ನಿಸ್ಲಿ ಅಂತ. ಎಷ್ಟು ದಿನ ಹಾಗಿರೋದು, ಹೇಳು.”

“ಒಳ್ಳೇದೇ ಮಾಡಿದ್ರಿ ಭಾವ,” ಎಂದ ಗುಂಡ. ಅದು ಸುಳ್ಳಲ್ಲ. ಅಕ್ಕ ಇದ್ದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು. ಭಾವನ ಕಣ್ಣಲ್ಲಿ ನೀರಾಡಿತು. ಅವನನ್ನು ನಗಿಸಬೇಕೆನ್ನಿಸಿ ಗುಂಡ ಬಾಯಿಗೆ ಬಂದದ್ದನ್ನು ಹೇಳಿದ:

“ಒಂದು ನಿಜ ಹೇಳ್ಲಾ? ನಂಗೆ ಈ ಗುಡ್ಡ ಹತ್ತೋದು ಒಂಚೂರೂ ಇಷ್ಟ ಇಲ್ಲ. ನೀವು ಒಬ್ರೇ ಆಗ್ತೀರಲ್ಲ ಅಂತ ಬರ್ತಿದ್ದೆ.”

ಭಾವ ಬಾಯಿ ಬಿಟ್ಟು ನೋಡಿದ. “ಅಯ್ಯೋ ನಿನ್ನ! ನಾನು ನಿನಗೋಸ್ಕರ ಬರ್ತಿದ್ನಲ್ಲೋ! ಸೊಂಟ ಬಿದ್ದು ಹೋಗಿದೆ ನಂದು!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ಕಣ್ಣು ಒರೆಸಿಕೊಂಡು, ದೊಡ್ಡ ಹೊರೆ ಇಳಿಸಿದವನಂತೆ ಉಸಿರುಬಿಟ್ಟ. “ಹಾಗಾದ್ರೆ ಸರಿ ಹೋಯ್ತು. ಇನ್ಮೇಲೆ ಬರೋದೇ ಬೇಡ.”

ಗುಂಡನ ನಗು ಅಲ್ಲಿಗೇ ನಿಂತಿತು. ಹಿಡಿದುಕೊಂಡಿದ್ದ ಒಂದೇ ಒಂದು ಕೊಂಬೆಯನ್ನು ತಾನೇ ಕಡಿದಿದ್ದೇನೆಂದು ಅವನಿಗೆ ಆಗ ತಿಳಿಯಿತು. “ಇಷ್ಟ ಆಗತ್ತೆ ಭಾವ, ತಮಾಷೆಗೆ ಅಂದೆ” ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಭಾವ ಎದ್ದು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಿದ್ದ. ಮಿಕ್ಕ ಎರಡು ಜಲಪಾತ ನೋಡದೆ ಇಬ್ಬರೂ ಅಲ್ಲಿಂದಲೇ ಇಳಿದರು.

ಮದುವೆಯ ಬೆಳಿಗ್ಗೆ ಗುಂಡ ಬೇಗನೆ ಅಂಗಡಿ ತೆರೆದು ಭಾವನಿಗೆ ಶೇವ್ ಮಾಡಿದ. ಕೆನ್ನೆಗೆ ಬ್ಲೇಡು ಇಟ್ಟಾಗ ಭಾವ ಕಣ್ಣು ಮುಚ್ಚಿಕೊಂಡಿದ್ದ. ಇಬ್ಬರೂ ಅಕ್ಕನ ಮಾತೆತ್ತಲಿಲ್ಲ. ನೋಂದಣಿ ಕಚೇರಿಯ ಕಾರಿಡಾರಿನಲ್ಲಿ ಹೆಣ್ಣಿನ ಮನೆಯವರು, “ಇವರು ಯಾರು?” ಎಂದು ಕೇಳಿದರು. ಭಾವ ಗುಂಡನತ್ತ ಒಮ್ಮೆ ನೋಡಿ, “ಇವನು ಗುಂಡ. ನಮ್ಮ ಕಡೆಯವನು,” ಎಂದ. ಹೊಸ ಹೆಂಡತಿ ಒಳ್ಳೆಯ ಹೆಂಗಸು. “ಊಟ ಮಾಡ್ಕೊಂಡೇ ಹೋಗ್ಬೇಕು,” ಎಂದು ಒತ್ತಾಯ ಮಾಡಿದಳು. ಗುಂಡ ಉಂಡೇ ಹೊರಟ.

ಅದಾದ ಮೇಲೆ ಭಾವ ಸಲೂನಿಗೆ ಬರುವುದು ಕಡಿಮೆಯಾಯಿತು. ಬೇಸಿಗೆಯಲ್ಲಿ ಒಂದು ದಿನ ಬಂದು ಕುರ್ಚಿಯಲ್ಲಿ ಕೂತ. ಹೊಟ್ಟೆ ಸ್ವಲ್ಪ ಇಳಿದಿತ್ತು, ಮುಖದಲ್ಲಿ ಕಳೆ ಇತ್ತು. ಗುಂಡ ಬಟ್ಟೆ ಹೊದಿಸಿ ಬಾಚಣಿಗೆ ಹಾಕಿದ. ಕತ್ತಿನ ಹಿಂದೆ ಕೂದಲು ಬೇರೆ ಯಾರದೋ ಕತ್ತರಿ ಆಡಿದಂತೆ ಓರೆಯಾಗಿತ್ತು.

ಕನ್ನಡಿಯಲ್ಲಿ ಅವನ ಮುಖ ನೋಡಿದ ಭಾವ, “ಮಗಳ ಕೂದಲು ಕತ್ತರಿಸೋಕೆ ಅಂತ ಮನೆ ಹತ್ತಿರದ ಅಂಗಡಿಗೆ ಹೋಗಿದ್ದೆ. ಹಾಗೇ ನಾನೂ...” ಎಂದ.

“ಅದಕ್ಕೇನಂತೆ? ಹತ್ತಿರದ್ದೇ ಅನುಕೂಲ,” ಎಂದ ಗುಂಡ. ಓರೆಯಾದದ್ದನ್ನು ನಿಧಾನವಾಗಿ ಸರಿಮಾಡಿದ. ಆಗಲೇ ಸರಿಯಾಗಿದ್ದುದನ್ನೂ ಇನ್ನಷ್ಟು ಹೊತ್ತು ಸರಿಮಾಡಿದ.