ಗೇರು ಬಿಡಿಸಿಟ್ಟ ಕಾರು

"ಇದನ್ನ ಇಲ್ಲಿಗೆ ಯಾರು ತಂದ್ರು?"

ವಗ್ದಿ ಮೇಷ್ಟ್ರು ಯಾರ ಮುಖವನ್ನೂ ನೋಡದೆ ಕೇಳಿದರು. ಬೆಳಿಗ್ಗೆ ಔಷಧಿ ಅಂಗಡಿಯ ಮುಂದೆ ಅವರು ಬಿಟ್ಟುಹೋಗಿದ್ದ ಹಳೆಯ ಬಿಳಿ ಕಾರು ಈಗ ಹತ್ತು ಮಾರು ಆಚೆ, ನಿಲುಗಡೆ ನಿಷೇಧದ ಫಲಕದ ಬುಡದಲ್ಲಿತ್ತು. ಮುಂದಿನ ಚಕ್ರವನ್ನು ಹಳದಿ ಕಬ್ಬಿಣದ ಬೀಗ ಕಚ್ಚಿ ಹಿಡಿದಿತ್ತು.

ಬಯೂಮಿ ಎದುರು ಬದಿಯಲ್ಲಿ ನಿಂತಿದ್ದ. ಶುಬ್ರಾ ಬಡಾವಣೆಯ ಈ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರು ಕಾಯುವವನು ಅವನು. ಸಾಲಿನ ಹೊರಗೆ ನಿಲ್ಲಿಸುವವರು ಇಲ್ಲಿ ಕೈಬ್ರೇಕ್ ಹಾಕುವುದಿಲ್ಲ. ಗೇರು ಬಿಡಿಸಿಟ್ಟು ಹೋಗುತ್ತಾರೆ. ಒಳಗಿನ ಕಾರು ಹೊರಡುವಾಗ ಬಯೂಮಿ ಹೆಗಲು ಕೊಟ್ಟು ಹೊರಗಿನದನ್ನು ಸರಿಸುತ್ತಾನೆ. ಬೀದಿ ನಡೆಯುವುದೇ ಆ ನಂಬಿಕೆಯ ಮೇಲೆ. ಇವತ್ತು ಮಧ್ಯಾಹ್ನದ ಹೊತ್ತಿಗೆ ಕಪ್ಪು ಕಾರೊಂದು ಬಂತು. "ನ್ಯಾಯಾಧೀಶರದ್ದು, ಜಾಗ ಬಿಡಿಸು" ಎಂದ ಅದರ ಚಾಲಕ. ಬಯೂಮಿ ಮೇಷ್ಟ್ರ ಕಾರನ್ನು ಫಲಕದತ್ತ ತಳ್ಳಿದ. ಎರಡೇ ನಿಮಿಷ ಅಂದುಕೊಂಡಿದ್ದ. ಅಷ್ಟರಲ್ಲಿ ಬಾಂಗು ಕೇಳಿಸಿತು, ನಮಾಜಿಗೆ ಹೋದ. ಮರಳುವಷ್ಟರಲ್ಲಿ ಬೀಗ ಬಿದ್ದಿತ್ತು. ಮೇಷ್ಟ್ರ ಜಾಗದಲ್ಲಿ ಸಾಲಿನ ಹೊರಗೇ ನಿಂತಿದ್ದ ಕಪ್ಪು ಕಾರನ್ನು ಯಾರೂ ಮುಟ್ಟಿರಲಿಲ್ಲ.

"ಆ ಕರಿ ಕಾರಿಗೆ ಬೀಗ ಇಲ್ವಾ ಪಾಶಾ?" ತರಕಾರಿಗೆಂದು ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಸುತ್ತಿದ್ದ ಉಮ್ ನಗಾಹ್ ಕೂಗಿ ಕೇಳಿದಳು. "ನಮ್ದು ದುಂಡು ಚಕ್ರ. ಅವರದ್ದು ಚೌಕ ಇರ್ಬೇಕು, ಹಿಡಿಸ್ಲಿಲ್ಲ."

ಕೆಳಗಿದ್ದವರು ನಕ್ಕರು. ಬೀದಿಯವರು ಗೌರವಕ್ಕೆ ಪಾಶಾ ಎನ್ನುವ ಸಂಚಾರ ಪೊಲೀಸ್ ಹಿಲ್ಮಿ ನಗಲಿಲ್ಲ. "ಫಲಕದ ಕೆಳಗಿರೋದು ಇದೊಂದೇ. ಕಂಡದ್ದನ್ನ ಬರೀತೀನಿ. ರುಜು ಹಾಕಿ ಮೇಷ್ಟ್ರೇ."

"ತಪ್ಪು ಮಾಡಿದ್ರೆ ದಂಡ ಕಟ್ತೀನಿ. ನಾನಿಲ್ಲಿ ನಿಲ್ಲಿಸ್ಲಿಲ್ಲ." ಮೇಷ್ಟ್ರು ದಂಡದ ಚೀಟಿಯನ್ನು ಹಿಂದಕ್ಕೆ ತಳ್ಳಿದರು.

ಜನ ಒತ್ತಿ ಬಂದರು. ಒಂದಿಬ್ಬರು ಫೋನೆತ್ತಿ ಹಿಡಿದರು. ಹಿಲ್ಮಿ ಬಯೂಮಿಯ ಮೊಣಕೈ ಹಿಡಿದು ಪತ್ರಿಕೆ ಅಂಗಡಿಯ ಮರೆಗೆ ಎಳೆದ.

"ಕಪ್ಪು ಕಾರಿನ ಸುದ್ದಿ ಎದ್ರೆ ನಾನೂ ನೀನೂ ಮುಳುಗ್ತೀವಿ ಕಣೋ. ಮೇಷ್ಟ್ರೇ ನಿಲ್ಲಿಸಿದ್ರು, ಕಣ್ಣಾರೆ ಕಂಡೆ ಅನ್ನು. ನಿನ್ನ ಬಿಲ್ಲೆ ಹೊಸದಾಗೋದು ಈ ತಿಂಗಳೇ ಅಲ್ವಾ?"

ಬಯೂಮಿಯ ಕೈ ಎದೆಗೆ ಸಿಕ್ಕಿಸಿದ್ದ ಪರವಾನಗಿಯ ಹಿತ್ತಾಳೆ ಬಿಲ್ಲೆಯ ಮೇಲೆ ಹೋಯಿತು. ಅದಿಲ್ಲದಿದ್ದರೆ ನಾಳೆ ಈ ಬೀದಿಯಲ್ಲಿ ಬೇರೊಬ್ಬ ನಿಂತಿರುತ್ತಾನೆ. ಐವತ್ತೆಂಟರ ವಯಸ್ಸಿಗೆ ಹೊಸ ಬೀದಿ ಯಾರು ಕೊಡುತ್ತಾರೆ?

ಜನರ ನಡುವಿನಿಂದ ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಬಯ್ಯಲಿಲ್ಲ. "ನೀನಾದ್ರೂ ಹೇಳಪ್ಪ" ಎಂದರಷ್ಟೇ.

ಬಯೂಮಿ ಮರೆಯಿಂದ ಹೊರಬಂದ. "ತಳ್ಳಿದ್ದು ನಾನು," ಎಂದ. "ಕಪ್ಪು ಕಾರಿಗೆ ಜಾಗ ಬೇಕು ಅಂದ್ರು, ತಳ್ಳಿದೆ. ಮೇಷ್ಟ್ರಿಗೆ ಗೊತ್ತೇ ಇಲ್ಲ."

ಫೋನುಗಳು ಅವನತ್ತ ತಿರುಗಿದವು. ಹಿಲ್ಮಿ ಹತ್ತಿರ ಬಂದು, ತುಟಿ ಅಲ್ಲಾಡದಂತೆ ಹೇಳಿದ: "ಬಿಸಿಲಿಗೆ ತಲೆ ತಿರುಗ್ತು, ಏನೋ ಅಂದ್ಬಿಟ್ಟೆ ಅನ್ನು. ಬೇಡ್ಕೋತೀನಿ. ಮಾತು ವಾಪಸ್ ತಗೋ."

"ತಗೊಳ್ಳಲ್ಲ ಪಾಶಾ," ಎಂದ ಬಯೂಮಿ.